ಮಳ್ಳಿಯ ಎಡರೆಕ್ಕೆ

ರಾಡಾರ್ ಪರದೆಯ ಮೇಲೆ ಚುಕ್ಕೆ ಮತ್ತೆ ಮಿನುಗಿತು. ಎಡರೆಕ್ಕೆ, ಅದೇ ಜಾಗ. ತಪಾಸಣೆ ಮಾಡುತ್ತಿದ್ದವನು ಕೆಲಸದ ಪಟ್ಟಿ ತೆರೆದು ನೋಡಿದ. ಆ ರೆಕ್ಕೆಯ ಕೆಲಸ ಅವನ ಅಕ್ಕನದು.

ಕಾರ್ಖಾನೆಯವರೆಲ್ಲ ಆ ವಿಮಾನವನ್ನು ಮಳ್ಳಿ ಎಂದೇ ಕರೆಯುತ್ತಿದ್ದರು. ಅಷ್ಟು ದೊಡ್ಡ ದೇಹ, ರಾಡಾರಿಗೆ ಮಾತ್ರ ಗುಬ್ಬಿಯಷ್ಟೇ ಕಾಣಬೇಕು. ಓರೆಯಾದ ಮೈ ಬಂದ ಅಲೆಗಳನ್ನು ಅತ್ತಿತ್ತ ಚೆದುರಿಸುತ್ತದೆ, ಕಪ್ಪು ಲೇಪ ಉಳಿದದ್ದನ್ನು ನುಂಗುತ್ತದೆ. ಆದರೆ ಒಂದೇ ಒಂದು ಸ್ಕ್ರೂ ಕೂದಲೆಳೆಯಷ್ಟು ತಲೆ ಎತ್ತಿದರೂ ಗುಟ್ಟು ರಟ್ಟು. ಅದಕ್ಕೇ ಲೇಪಕ್ಕೆ ಮೊದಲು ಸ್ಕ್ರೂಗಳ ಸಂದಿಗೆ ಪುಟ್ಟಿ ಮೆತ್ತಿ, ಕಣ್ಣು ಮುಚ್ಚಿ, ಎಲ್ಲಾದರೂ ಉಬ್ಬಿದೆಯೇ ಎಂದು ಬೆರಳ ತುದಿಯಿಂದ ಸವರಿ ನೋಡುವ ಪದ್ಧತಿ. ಅದರಲ್ಲಿ ಅಕ್ಕನದು ಎತ್ತಿದ ಕೈ. ತಮ್ಮನಿಗೆ ಕೆಲಸ ಕಲಿಸಿದವಳೂ ಅವಳೇ.

"ಸ್ಕ್ರೂನ ಬೇಕಂತಲೇ ಹಾಗೆ ಬಿಟ್ಟಿರೋದು. ಇದರ ಹಿಂದೆ ಯಾರೋ ಇದ್ದಾರೆ" ಎಂದ ಭದ್ರತಾ ಅಧಿಕಾರಿ. "ನಿಮ್ಮಕ್ಕ ಅಲ್ವಾ, ನೀವೇ ಬಾಯಿ ಬಿಡಿಸಿ. ಇಲ್ಲಾಂದ್ರೆ ನಾನು ಬಿಡಿಸ್ತೀನಿ."

ತಮ್ಮನಿಗೆ ಹೋದ ವಾರದ್ದು ನೆನಪಾಯಿತು. ಅಕ್ಕ ರೆಕ್ಕೆಯ ಮೇಲೆ ಬಾಗಿ ಅದಕ್ಕೆ ತುಟಿ ಒತ್ತಿದ್ದಳು. ಇವನನ್ನು ಕಂಡೊಡನೆ ಕಳ್ಳಿಯಂತೆ ಸರಿದು ನಿಂತಿದ್ದಳು. ಅಲ್ಲಿ ಏನಾದರೂ ಅಡಗಿಸಿಟ್ಟು ಅದರೊಳಗೆ ಮಾತಾಡುತ್ತಿದ್ದಳೇ? ಅನುಮಾನದ ಹುಳು ತಲೆ ಹೊಕ್ಕರೆ ಒಡಹುಟ್ಟಿದವರೆಂದು ನೋಡುತ್ತದೆಯೇ?

ಚಹಾ ಕೋಣೆಯಲ್ಲಿ ಅವನು ಎರಡು ಸ್ಟೀಲ್ ಲೋಟಗಳಿಗೆ ಕುದಿಯುವ ಚಹಾ ಸುರಿದ. ತನ್ನದನ್ನು ಕರವಸ್ತ್ರದಲ್ಲಿ ಹಿಡಿದುಕೊಂಡ. ಅಕ್ಕ ತನ್ನದನ್ನು ಹಾಗೇ ಎತ್ತಿಕೊಂಡಳು.

"ಅಕ್ಕ, ರೆಕ್ಕೆಗೆ ಬಾಯಿಟ್ಟು ಏನ್ ಮಾಡ್ತಿದ್ದೆ ಅವತ್ತು?"

"ಮುದ್ದು ಮಾಡ್ತಿದ್ದೆ. ನಿಂಗೇನು ಹೊಟ್ಟೆಕಿಚ್ಚಾ?"

"ತಮಾಷೆ ಬೇಡ. ಯಾರಿಗೆ ಮಾರ್ಕೊಂಡಿದೀಯ?"

ಅಕ್ಕನ ಮುಖ ಬಿಳಿಚಿಕೊಂಡಿತು. "ನಿನ್ನ ಎತ್ತಿ ಆಡಿಸಿದ ಕೈ ಕಣೋ ಇದು. ನನ್ನನ್ನೇ ಹಿಂಗೆ ಕೇಳ್ತೀಯಾ?" ಎಂದು ಲೋಟವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

ಅವನು ಆ ಕೈ ನೋಡಿದ. ಲೋಟದಿಂದ ಹಬೆ ಏಳುತ್ತಿತ್ತು. ಕರವಸ್ತ್ರವಿದ್ದೂ ಅವನ ಬೆರಳು ಚುರುಗುಟ್ಟುತ್ತಿದ್ದವು. ಅಕ್ಕನ ಬೆರಳು ಕೆಂಪಗೆ ಕಂದಿದ್ದವು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಬಿಡೇ ಲೋಟಾನ!" ಕಿತ್ತುಕೊಂಡು ಮೇಜಿನ ಮೇಲೆ ಕುಕ್ಕಿದ. "ಯಾವಾಗಿಂದ ಹಿಂಗೆ?"

ಅಕ್ಕ ತಲೆ ತಗ್ಗಿಸಿದಳು. "ಸಕ್ಕರೆ ಕಾಯಿಲೆ ಜಾಸ್ತಿಯಾದಾಗಿಂದ. ತುಟಿಗಿನ್ನೂ ಗೊತ್ತಾಗತ್ತೆ, ಅದ್ರಲ್ಲೇ ನೋಡ್ತಿದ್ದೆ. ನೀನು ಬಂದ್ಯಲ್ಲ, ಅವತ್ತೊಂದು ಸ್ಕ್ರೂ ತಪ್ಪೋಯ್ತು. ಹೇಳಿದ್ರೆ ಕೆಲಸ ಹೋಗತ್ತಲ್ಲೋ."

ತಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಾಗಿಲಾಚೆ ಅಧಿಕಾರಿಯ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅವನು ಅಕ್ಕನ ಕೈ ಹಿಡಿದು ನಲ್ಲಿಯ ಕೆಳಗೊಡ್ಡಿದ. ಧಾರೆಯಾಗಿ ಬೀಳುತ್ತಿದ್ದ ನೀರನ್ನೇ ಅವಳು ಸ್ವಲ್ಪ ಹೊತ್ತು ನೋಡಿದಳು.

"ಇದು ತಣ್ಣೀರೇನೋ?" ಎಂದು ಮೆಲ್ಲಗೆ ಕೇಳಿದಳು.