ಕೇಳದೆ ಕಡೆದ ತೊಟ್ಟಿಲು

ಅಳಿಯ ಶೌಕತ್ ಕೊಕಾಂದ್‌ನಿಂದ ಫೋನ್ ಮಾಡಿ ಹೆರಿಗೆಯಾಯಿತೆಂದು ಹೇಳಿದ್ದೇ ತಡ, ತೊಟ್ಟಿಲು ಕಡೆಯುವ ಯೋಲ್ದಾಶ್ ಉಸ್ತಾನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲೇತ್ ಗಿರಗಿರ ತಿರುಗುತ್ತಲೇ ಇತ್ತು. ಯಾರದೋ ಮನೆಯ ತೊಟ್ಟಿಲಿನ ಕಾಲು ಅರ್ಧ ಕಡೆದದ್ದು ಹಾಗೇ ಉಳಿಯಿತು. ಗಡ್ಡದ ತುಂಬ ಮರದ ಸಿಪ್ಪೆ ಹೊತ್ತುಕೊಂಡೇ ಬೀದಿ ದಾಟಿ, ಎದುರಿನ ಬುಟ್ಟಿ ಅಂಗಡಿಗೆ ನುಗ್ಗಿ, ಕಡ್ಡಿ ಸೀಳುತ್ತ ಕೂತಿದ್ದ ತುರ್ದಿಅಲಿಯನ್ನು 'ಅಜ್ಜನಾದೆ ಕಣೋ' ಎನ್ನುತ್ತ ಎತ್ತಿ ಕುಣಿಸಿದ. ತುರ್ದಿಅಲಿಗೆ ಸೊಂಟನೋವು.

"ಇಳಿಸೋ ಮಾರಾಯ, ಮೊಮ್ಮಗು ನಾನಲ್ಲ. ಏನು ಹುಟ್ತು, ಗಂಡೋ ಹೆಣ್ಣೋ?"

ಉಸ್ತಾ ನಿಂತ. ಬಾಯಿ ತೆರೆದ. "ಮಗು" ಎಂದ.

"ಕತ್ತೆಮರಿ ಅಲ್ಲ ಅಂತ ನನಗೂ ಗೊತ್ತು. ಎಂಥ ಮಗು?"

"ಒಳ್ಳೇ ಮಗು" ಎಂದು ಉಸ್ತಾ ಅಲ್ಲಿಂದ ಕಾಲ್ತೆಗೆದ. ಅವನು ಕೇಳಿರಲೇ ಇಲ್ಲ.

ಮಗಳು ಮುನಿರಾಳನ್ನು ಕೊಕಾಂದ್‌ಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು. ಅವಳು ಅಲೆಯದ ಆಸ್ಪತ್ರೆ ಇಲ್ಲ, ಹರಕೆ ಹೊರದ ಗೋರಿ ಇಲ್ಲ. ಮಗು ಹುಟ್ಟುವ ಮುಂಚೆ ಅದರ ತೊಟ್ಟಿಲಿಗೆ ಉಳಿ ತಾಕಿಸಬಾರದೆಂಬುದು ಉಸ್ತಾನ ವಂಶದ ಕಟ್ಟಳೆ. ಹಾಗಾಗಿ ಅವಳಿಗೆಂದು ತೆಗೆದಿಟ್ಟ ಹಿಪ್ಪುನೇರಳೆ ದಿಮ್ಮಿ ಅಷ್ಟೂ ವರ್ಷ ಅಂಗಡಿಯ ಮೂಲೆಯಲ್ಲಿ ಒಣಗುತ್ತ ನಿಂತಿತ್ತು. ಗಿರಾಕಿಗಳು ಕೇಳಿದರೆ ಉಸ್ತಾ ಹಲ್ಲು ಕಡಿಯುತ್ತಿದ್ದ. ಈಗ ಅದನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ತಂದು ಲೇತ್‌ಗೆ ಹಾಕಿದ.

ವಾಪಸು ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದು ಯಾರಾದರೂ ಅಂದಾರು. ಅವರಿಗೆ ಬೀಗಿತ್ತಿ ಸೋಲಿಹಾ ಗೊತ್ತಿಲ್ಲ. ಅಜ್ಜನಾದವನು ಇಷ್ಟೂ ಕೇಳಲಿಲ್ಲವಂತೆ ಎಂದು ಸಂಜೆಯೊಳಗೆ ಇಡೀ ಕೊಕಾಂದ್‌ಗೆ ಡಂಗುರ ಸಾರುವ ಹೆಂಗಸು ಅವಳು. ಮೊದಲ ದಿನ ನಾಚಿಕೆಯಾಯಿತು. ಎರಡನೇ ದಿನ ಇನ್ನೂ ನಾಚಿಕೆಯಾಯಿತು. ಆಮೇಲಂತೂ ಕೇಳುವ ಹಾಗೇ ಇರಲಿಲ್ಲ.

ಬಾಣಂತನಕ್ಕೆಂದು ಆ ಬೀಗಿತ್ತಿಯ ಮನೆಯಲ್ಲೇ ಇದ್ದ ಹೆಂಡತಿ ಹಾಲಿದಾಳಿಂದ ಉಪಾಯವಾಗಿ ಬಾಯಿ ಬಿಡಿಸಲು ನೋಡಿದ.

"ಮಗು ನೋಡೋಕೆ ಹೇಗಿದೆ?"

"ನಿಮ್ಮ ಹಾಗೇ. ತಲೇಲಿ ಒಂದು ಕೂದಲಿಲ್ಲ."

"ಅಳೋ ದನಿ ಹೇಗಿದೆ? ದಪ್ಪನಾ, ಸಣ್ಣನಾ?"

"ನಿಮ್ಮ ಲೇತ್ ಎಣ್ಣೆ ಕಾಣದೆ ಕಿರುಚತ್ತಲ್ಲ, ಹಾಗೆ. ಇದೇನ್ರೀ ಪ್ರಶ್ನೆ?"

"ಹೆಸರು?"

"ಇಕ್ಬಾಲ್."

ಉಸ್ತಾ ಹಣೆ ಹಣೆ ಚಚ್ಚಿಕೊಂಡ. ಅವನ ಬೀದಿಯಲ್ಲೇ ಇಬ್ಬರು ಇಕ್ಬಾಲ್‌ಗಳಿದ್ದರು. ಒಬ್ಬ ಹುರಿಮೀಸೆಯ ಕಟುಕ, ಇನ್ನೊಬ್ಬಳು ಸೂಲಗಿತ್ತಿ.

ತೊಟ್ಟಿಲಂತೂ ದಿನದಿಂದ ದಿನಕ್ಕೆ ಮೇಲೆದ್ದಿತು. ಎಲ್ಲರ ಹಾಗೆ ಕೆಂಪು ಬಣ್ಣ ಬಳಿದ ಪಟ್ಟಿಗಳು ಇದಕ್ಕೆ ಬೇಡವೆಂದು ಉಸ್ತಾ ಮೊದಲೇ ತೀರ್ಮಾನಿಸಿದ್ದ. ಕಂಬಗಳನ್ನು ಉಂಗುರ ಉಂಗುರವಾಗಿ ಕಡೆದು, ಮೇಣ ತಿಕ್ಕಿ, ಮರದ ಹಳದಿ ಬಣ್ಣವನ್ನೇ ಮಿನುಗಿಸಿದ. ಕಂಬಗಳ ನಡುವೆ ತುರ್ದಿಅಲಿ ಕಾಲುವೆ ದಂಡೆಯ ನೀರಂಜಿ ಮರದ ಕಡ್ಡಿಗಳನ್ನು ನೆನೆಸಿ ಹೆಣೆದ. ಸಿಪ್ಪೆ ಸುಲಿದ ಬಿಳಿಯದೊಂದು ಸಾಲು, ಸುಲಿಯದ ಕಂದು ಬಣ್ಣದ್ದೊಂದು ಸಾಲು.

"ನಿನ್ನ ಕಂಬ ಬೀಳದೆ ನಿಂತಿರೋದೇ ನನ್ನ ಹೆಣಿಗೆಯಿಂದ" ಎನ್ನುತ್ತಿದ್ದ ತುರ್ದಿಅಲಿ.

"ನನ್ನ ಕಂಬ ಇಲ್ದಿದ್ರೆ ನಿಂದು ಈರುಳ್ಳಿ ಬುಟ್ಟಿ ಕಣೋ" ಎನ್ನುತ್ತಿದ್ದ ಉಸ್ತಾ. ಇಬ್ಬರೂ ಹಸಿರು ಚಹಾ ಹೀರುತ್ತ ತೊಟ್ಟಿಲಿನ ಸುತ್ತ ಸುತ್ತಿ ಬರುತ್ತಿದ್ದರು. ಬೈದಾಟದಲ್ಲೇ ಅದು ಎಷ್ಟು ಚೆಂದವಾಯಿತೆಂದರೆ ಪಕ್ಕದ ಅಂಗಡಿಯವರು ಬಂದು ಮೂಗಿನ ಮೇಲೆ ಬೆರಳಿಟ್ಟರು.

ಕೊನೆಗೆ ಉಳಿದದ್ದು ಸುಮಾಕ್. ತೊಟ್ಟಿಲಲ್ಲಿ ಕಟ್ಟಿ ಮಲಗಿಸಿದ ಮಗುವಿನ ಉಚ್ಚೆ ಹಾಸಿಗೆಗೆ ತಾಗದೆ, ತಳದ ತೂತಿನ ಕೆಳಗಿಟ್ಟ ಗಡಿಗೆಗೆ ಹೋಗಲಿ ಎಂದು ಕಡೆಯುವ ಪುಟ್ಟ ಮರದ ನಳಿಗೆ ಅದು. ಗಂಡಿಗಾದರೆ ಅದರ ಬಾಯಿ ಸೇದುವ ಚಿಲುಮೆಯ ಹಾಗೆ ದುಂಡಗೆ, ಹೆಣ್ಣಿಗಾದರೆ ಪುಟ್ಟ ದೋಣಿಯ ಹಾಗೆ ಉದ್ದಕ್ಕೆ. ಇಲ್ಲಿ 'ಒಳ್ಳೇ ಮಗು' ಎಂದು ಜಾರಿಕೊಳ್ಳುವ ಹಾಗಿರಲಿಲ್ಲ. ಎರಡನ್ನೂ ಕಡೆದಿಟ್ಟರೆ ಸೋಲಿಹಾಳಿಗೆ ಹಬ್ಬ. ಉಸ್ತಾ ಪೇಚಾಡಿ ಮತ್ತೆ ಹೆಂಡತಿಗೆ ಫೋನ್ ಮಾಡಿದ.

"ಏನ್ ಮಾಡ್ತಿದೆ ಮಗು?"

"ಏನ್ ಮಾಡತ್ತೆ, ಈಗಷ್ಟೇ ಅಳಿಯಂದ್ರ ಮುಖಕ್ಕೇ ಉಚ್ಚೆ ಹೊಯ್ದಿದೆ."

ಉಸ್ತಾ ಫೋನ್ ಇಟ್ಟು ತೊಡೆ ತಟ್ಟಿದ. ಮುಖಕ್ಕೆ! ಇನ್ನೇನು ಬೇಕು ಸಾಕ್ಷಿ? ಕುಳಿತವನು ಎದ್ದದ್ದು ಚಿಲುಮೆ ಬಾಯಿಯ ನುಣುಪಾದ ಸುಮಾಕ್ ಕೈಯಲ್ಲಿ ಹಿಡಿದುಕೊಂಡೇ.

ಬೇಶಿಕ್-ತೋಯ್ ದಿನ, ಅಂದರೆ ತವರಿನವರು ತೊಟ್ಟಿಲು ಹೊತ್ತು ತಂದು ಕೂಸನ್ನು ಮಲಗಿಸುವ ದಿನ, ಪುಟ್ಟ ವ್ಯಾನಿನ ನೆತ್ತಿಗೆ ತೊಟ್ಟಿಲು ಕಟ್ಟಿ, ಒಳಗೆ ರೊಟ್ಟಿ, ಹಲ್ವಾ, ನೆಂಟರನ್ನು ತುಂಬಿಕೊಂಡು ಕೊಕಾಂದ್‌ಗೆ ಬಂದರು. ಬಾಗಿಲಲ್ಲೇ ತಮಟೆ. ಬೀಗರ ಮನೆ ಹೆಂಗಸರು ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಕುಣಿದರು. ತುರ್ದಿಅಲಿ ಸೊಂಟನೋವು ಮರೆತು ಕುಣಿದ. ಗಂಡಸರು ಅಂಗಳದಲ್ಲಿ ಪಲಾವಿಗೆ ಕೂತರು, ಹೆಂಗಸರು ತೊಟ್ಟಿಲಿನ ಸಮೇತ ಒಳಗೆ ಹೋದರು. ಉಸ್ತಾನಿಗೆ ಪಲಾವು ರುಚಿಸಲಿಲ್ಲ. ಎದ್ದು ಹೋಗಿ ಕಿಟಕಿಯಲ್ಲಿ ಇಣುಕಿದ.

ಒಳಗೆ ಹಿರಿಯಜ್ಜಿಯೊಬ್ಬಳು ಶಾಸ್ತ್ರದಂತೆ ಕೂಸಿನ ತಲೆಯನ್ನು ಕಾಲಿನ ಕಡೆಗಿಟ್ಟು "ಹೀಗೇನ್ರೇ?" ಎಂದಳು. "ಅಲ್ಲ, ಅಲ್ಲ" ಎಂದು ಹೆಂಗಸರು ಕೂಗಿದರು. ಮತ್ತೆ ಅಡ್ಡಡ್ಡ ಇಟ್ಟು "ಹಾಗಾದ್ರೆ ಹೀಗಾ?" ಎಂದಳು. "ಅಲ್ಲಜ್ಜಿ, ಅಲ್ಲ." ನಗು ಮನೆ ತುಂಬಿತು. ಸರಿಯಾಗಿ ಮಲಗಿಸಿದ್ದೂ ಆಯಿತು. ಆಗ ಸೋಲಿಹಾ ದಿಂಬಿನ ಕೆಳಗಿನ ಬಟ್ಟೆಯ ಗಂಟು ಬಿಚ್ಚಿ, ಸುಮಾಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ತಮಟೆ ನಿಂತಿತು.

"ನೋಡ್ರಮ್ಮಾ, ನಮ್ಮ ಬೀಗರು ಎಷ್ಟು ಸೂಕ್ಷ್ಮವಾಗಿ ಹೇಳಿ ಕಳಿಸಿದಾರೆ. ಹೆಣ್ಣು ಹುಟ್ಟಿದ್ದು ಅವರಿಗೆ ಒಪ್ಪಿಗೆ ಇಲ್ವಂತೆ."

ಮುನಿರಾ ತಲೆಯೆತ್ತಿ ನೋಡಿದಳು. ಕಿಟಕಿಯಲ್ಲಿ ಅಪ್ಪನ ಮುಖ ಕಂಡಿತು. ಇಷ್ಟು ಹೊತ್ತು ಹೂವಿನ ಹಾಗಿದ್ದ ಅವಳ ಮುಖ ಬಾಡಿತ್ತು.

"ಅಪ್ಪಾ, ಅದಕ್ಕೇನಾ ನೀವು ಫೋನಲ್ಲಿ ಒಂದು ಸಲಾನೂ ಮೊಮ್ಮಗಳು ಅನ್ನಲಿಲ್ಲ? ಬರೀ ಮಗು ಮಗು ಅಂತಿದ್ರಿ. ನಾನು ದಿನಾ ಕಾಯ್ತಿದ್ದೆ."

ಉಸ್ತಾ ಬಾಗಿಲು ಸುತ್ತಿ ಹೆಂಗಸರ ನಡುವೆಯೇ ಒಳಗೆ ನುಗ್ಗಿದ. ಮರ್ಯಾದೆ ಹೋದರೆ ಹೋಗಲಿ. "ನನಗೆ ಗೊತ್ತೇ ಇರಲಿಲ್ಲ ಮಗಳೇ. ಗಂಡೋ ಹೆಣ್ಣೋ ಅಂತ ನಾನು ಕೇಳಲೇ ಇಲ್ಲ. ಆಮೇಲೆ ಕೇಳೋಕೆ ನಾಚಿಕೆ ಆಯ್ತು. ಅಳಿಯಂದ್ರ ಮುಖಕ್ಕೆ ಹೊಯ್ತು ಅಂದ್ಲು ನಿಮ್ಮಮ್ಮ, ಹಂಗಾದ್ರೆ ಗಂಡೇ ಅಂದ್ಕೊಂಡೆ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು" ಎಂದಳು ಹಾಲಿದಾ. "ಅಳಿಯಂದ್ರು ಕೂಸನ್ನ ತಲೆ ಮೇಲೆ ಎತ್ತಿ ಆಡಿಸ್ತಿದ್ರು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಸೋಲಿಹಾ ಮಾತ್ರ ನಗಲಿಲ್ಲ. "ಒಂಬತ್ತು ವರ್ಷ ಕಾದ ಅಜ್ಜ ಏನು ಹುಟ್ತು ಅಂತ ಕೇಳಲಿಲ್ವಂತೆ. ಯಾರ ಕಿವಿಗೆ ಹೂ ಇಡ್ತೀರಿ?"

ಮುನಿರಾಳೂ ನಗಲಿಲ್ಲ. ನಂಬಬೇಕೆಂಬ ಆಸೆ ಅವಳ ಕಣ್ಣಲ್ಲಿತ್ತು, ನಂಬಿಕೆ ಇನ್ನೂ ಬಂದಿರಲಿಲ್ಲ.

ಗದ್ದಲ ಕೇಳಿ ಬಂದ ಶೌಕತ್ ಹೊಸ್ತಿಲಲ್ಲಿ ನಿಂತು ಕೆಮ್ಮಿದ. "ಮಾವ ಹೇಳೋದು ನಿಜ ಅಮ್ಮ. ಹೆರಿಗೆ ಆಯ್ತು ಅಂದೆ. ಮುನಿರಾ ಹೇಗಿದಾಳೆ ಅಂದ್ರು. ಚೆನ್ನಾಗಿದಾಳೆ ಅಂದೆ. ನಿಜ ಹೇಳು, ಮುನಿರಾ ಹೇಗಿದಾಳೆ ಅಂದ್ರು. ಎದ್ದು ಕೂತು ಸಾರು ಕುಡೀತಿದಾಳೆ ಅಂದೆ. ಫೋನಲ್ಲೇ ಗೊಳೋ ಅಂತ ಅತ್ತುಬಿಟ್ರು, ಕಟ್ ಮಾಡಿದ್ರು. ಮಗು ವಿಷಯ ಹೇಳೋಕೆ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ."

ಸೋಲಿಹಾ ಸುಮಾಕನ್ನು ಮೆಲ್ಲಗೆ ಬಟ್ಟೆಯೊಳಗೆ ಇಟ್ಟಳು.

"ನನ್ನನ್ನ ಮಾತ್ರ ಕೇಳಿದ್ರಾ?" ಎಂದಳು ಮುನಿರಾ.

"ಮತ್ಯಾರನ್ನ ಕೇಳಲಿ?" ಎಂದ ಉಸ್ತಾ. "ಅದರ ಪರಿಚಯ ನನಗಿನ್ನೂ ಆಗಿರಲಿಲ್ವಲ್ಲ."

ಮುನಿರಾ ಅಳುತ್ತಲೇ ನಗತೊಡಗಿದಳು. ಎಷ್ಟು ನಕ್ಕಳೆಂದರೆ ಗೋಡೆ ಹಿಡಿದುಕೊಳ್ಳಬೇಕಾಯಿತು. ಅವಳನ್ನು ನೋಡಿ ಅಜ್ಜಿ ನಕ್ಕಳು, ಅಜ್ಜಿಯನ್ನು ನೋಡಿ ಸೋಲಿಹಾಳೂ ನಕ್ಕಳು, ತಮಟೆ ತಾನೇ ಶುರುವಾಯಿತು. ಮುನಿರಾ ತೊಟ್ಟಿಲಿನಿಂದ ಕೂಸನ್ನು ಎತ್ತಿ ಅಪ್ಪನ ತೋಳಿಗೆ ಕೊಟ್ಟಳು. "ಪರಿಚಯ ಮಾಡ್ಕೊಳ್ಳಿ. ಇಕ್ಬಾಲ್. ನಿಮ್ಮ ಮೊಮ್ಮಗಳು."

ಕೂಸು ಅಜ್ಜನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಅವನು ಹಬ್ಬಕ್ಕೆಂದು ತೊಟ್ಟ ಹೊಸ ನಿಲುವಂಗಿ ತೊಯ್ಯುವಂತೆ ಬೆಚ್ಚಗೆ ಉಚ್ಚೆ ಹೊಯ್ದಿತು. ಕೊಡಿ ಇಲ್ಲಿ, ಬಟ್ಟೆ ಬದಲಾಯಿಸ್ತೀನಿ ಎಂದು ನಾಲ್ಕಾರು ಕೈಗಳು ಚಾಚಿದವು. ಯೋಲ್ದಾಶ್ ಉಸ್ತಾ ಯಾರಿಗೂ ಕೊಡಲಿಲ್ಲ.