ನಲವತ್ತೊಂದನೇ ನಂಬರಿನ ಕಾವಲಪ್ಪ

ಜ್ಯೋತಿಲಕ್ಷ್ಮಿಯ ನೌಕರಿ ಎಂಥದ್ದೆಂದು ಹಾವೇರಿಯಲ್ಲಿ ಯಾರಿಗೂ ಒಂದೇ ಏಟಿಗೆ ತಿಳಿದದ್ದಿಲ್ಲ. ಮಿಲಿಟರಿಯಲ್ಲಿದ್ದಾಳೆ ಎಂದರೆ ಬಂದೂಕು ಹಿಡಿಯುತ್ತಾಳೆ ಎಂದುಕೊಳ್ಳುತ್ತಾರೆ. ಇಲ್ಲ, ಮಿಲಿಟರಿ ಜಾಗದಲ್ಲಿರುವ ಹಳೆಯ ಗುಡಿ, ಬಾವಿ, ಕಲ್ಲುಗಳನ್ನು ನೋಡಿಕೊಳ್ಳುತ್ತಾಳೆ ಎಂದರೆ ನಂಬುವುದೇ ಇಲ್ಲ. ಬಾಡಿಗೆ ಮನೆಯ ಒಡತಿ ಪುಷ್ಪಲತಾ ಮುಖದ ಮೇಲೇ ಕೇಳಿಬಿಟ್ಟಿದ್ದಳು: "ಕಲ್ಲು ಕಾಯಾಕ ಪಗಾರ ಕೊಡ್ತಾರೇನವಾ? ಹಂಗಾರ ನಮ್ಮ ಹಿತ್ತಲದಾಗಿನ ಅರಬಿ ಒಗಿಯೋ ಕಲ್ಲೂ ಬರಕೊ."

ನಗುವಂಥದ್ದೇನಿಲ್ಲ, ನೌಕರಿ ನಿಜವಾದದ್ದೇ. ರಾಣೆಬೆನ್ನೂರಿನಿಂದ ಐರಣಿಯ ಕಡೆಗೆ ಹೊರಟರೆ ಹೊಳೆ ಕಾಣುವ ಮೊದಲೇ ತಂತಿಬೇಲಿ ಶುರುವಾಗುತ್ತದೆ. ಬೇಲಿಯೊಳಗಿನದು ಸೈನ್ಯದ ತರಬೇತಿ ಬಯಲು. ಬಯಲು ಸೈನ್ಯದ್ದಾದರೂ ಅದರಲ್ಲಿರುವ ಹಳೆಯದೆಲ್ಲ ಸೈನ್ಯಕ್ಕಿಂತ ಎಷ್ಟೋ ಹಿಂದಿನದು. ಅದಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳಲು ಒಬ್ಬರು ಬೇಕು ಎಂದು ಮೇಲಿನವರು ಹೇಳಿದ್ದರಿಂದ ಜ್ಯೋತಿಲಕ್ಷ್ಮಿ ಬಂದಳು. ಸಿಪಾಯಿಗಳು ಅವಳಿಗೆ 'ಪತ್ಥರ್ ಮೇಡಂ', ಅಂದರೆ ಕಲ್ಲಿನ ಮೇಡಂ, ಎಂದು ಹೆಸರಿಟ್ಟರು. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಗೇಟಿಗೆ ಫೋನು ಮಾಡಿದಾಗ ತಾನೇ 'ಪತ್ಥರ್ ಮೇಡಂ' ಎನ್ನತೊಡಗಿದಳು, ಆ ಹೆಸರಿಗೆ ಗೇಟು ಬೇಗ ತೆರೆಯುತ್ತಿತ್ತು.

ಆ ಬಯಲಿನಲ್ಲಿ ಅವಳಿಗೆ ಜೀವಕ್ಕಿಂತ ಹೆಚ್ಚಾದದ್ದು ಒಂದು ವೀರಗಲ್ಲು. ಎದೆಯೆತ್ತರದ್ದು. ಕೆಳಗೆ ಕತ್ತಿ ಹಿಡಿದು ಕಳ್ಳರಿಗೆ ಅಡ್ಡ ನಿಂತ ಮನುಷ್ಯ, ಅವನ ಹಿಂದೆ ಒತ್ತೊತ್ತಾಗಿ ಕುರಿಗಳು, ಕಾಲ ಬಳಿ ಒಂದು ನಾಯಿ. ನಡುವೆ ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ಮನುಷ್ಯ. ಕಲ್ಲಿನ ನಡುವಿಗೆ ಅಡ್ಡವಾಗಿ ಒಂದು ಬಿರುಕಿತ್ತು. ನಿಂತಲ್ಲೇ ನಿಂತರೆ ಇನ್ನೂ ಎಷ್ಟೋ ಕಾಲ ನಿಲ್ಲುತ್ತಿತ್ತು, ಎತ್ತಿದರೆ ಎರಡು ತುಂಡಾಗುವುದು ಖಂಡಿತ.

ಐರಣಿಯವರಿಗೆ ಅವನು ಕಾವಲಪ್ಪ. ಕಂಬಳಿ ನೇಯುವ ಮನೆಗಳವರು ಎಳ್ಳಮಾವಾಸ್ಯೆಯ ದಿನ ಹೊಸ ಕಂಬಳಿಯೊಂದನ್ನು ತಂದು ಅವನಿಗೆ ಹೊದಿಸುತ್ತಾರೆ. ಅಲ್ಲೇ ಕುಳಿತು ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಊಟ ಮುಗಿಯುವವರೆಗೆ ಕಾವಲಪ್ಪ ಬೆಚ್ಚಗಿರಬೇಕು. ಆಮೇಲೆ ಆ ಕಂಬಳಿ ಮನೆಯ ಬಳಕೆಗೆ, ಮಾರುವಂತಿಲ್ಲ.

ಕಂಬಳಿ ಹೊತ್ತು ಬರುವವಳು ದೇವವ್ವ. ಬೇಲಿ ಎದ್ದ ಮೇಲೆ ಅವಳು ಮೊದಲ ಸಲ ಗೇಟಿಗೆ ಬಂದದ್ದನ್ನು ಜ್ಯೋತಿಲಕ್ಷ್ಮಿ ಕಣ್ಣಾರೆ ಕಂಡಿದ್ದಳು. ಕಾವಲಿನ ಪಂಜಾಬಿ ಹುಡುಗ ಹಿಂದಿಯಲ್ಲಿ ಪಾಸು ಕೇಳಿದ. ದೇವವ್ವ ತಲೆಯ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡು, ನೆಟ್ಟಗೆ ನಿಂತು, "ದೋ ಸಾತ್ ಛೇ ಶೂನ್ಯ..." ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಹುಡುಗ ತನಗರಿವಿಲ್ಲದೆ ಕಾಲು ಜೋಡಿಸಿ ನಿಂತುಬಿಟ್ಟ. ಅದು ಅವಳ ಗಂಡ ಡಾಕಪ್ಪನ ಸೈನ್ಯದ ನಂಬರು. ಡಾಕಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ದೇವವ್ವನಿಗೆ ಬರುವ ಹಿಂದಿಯೆಂದರೆ ಅಷ್ಟೇ, ಆ ನಂಬರು.

ಇಬ್ಬರಿಗೂ ಸ್ನೇಹವಾಯಿತು, ಜಗಳವೂ ನಡೆದೇ ಇತ್ತು. ಕಲ್ಲಿನ ಪಕ್ಕ ಜ್ಯೋತಿಲಕ್ಷ್ಮಿ ಮೂರು ಭಾಷೆಗಳಲ್ಲಿ ಬೋರ್ಡು ನಿಲ್ಲಿಸಿದ್ದಳು: ಮುಟ್ಟಬಾರದು, ಎಣ್ಣೆ ಹಚ್ಚಬಾರದು, ಅರಿಷಿಣ ಕುಂಕುಮ ಹಾಕಬಾರದು. ಅದನ್ನು ಓದಿಸಿಕೊಂಡ ದೇವವ್ವ ಸೊಂಟದ ಮೇಲೆ ಕೈಯಿಟ್ಟಳು.

"ಹಂಗಾರ ದೂರ ನಿಂತು ನಕ್ಕು ಹೋಗಬೇಕೇನವಾ?"

"ಎಣ್ಣಿ ಹಚ್ಚಿದ್ರ ಕಲ್ಲು ಕೆಡತೈತಿ ಆಯಿ."

"ನಮ್ಮ ಅತ್ತಿ ಹಚ್ಚಿದ್ಳು, ಅಕಿ ಅತ್ತಿ ಹಚ್ಚಿದ್ಳು. ಅವರಿಬ್ರೂ ಹೋದ್ರು, ಕಲ್ಲು ಇನ್ನೂ ಐತಿ."

ಇದಕ್ಕೆ ಪುರಾತತ್ವದಲ್ಲಿ ಉತ್ತರವಿದೆ, ಆದರೆ ದೇವವ್ವನ ಎದುರಿಗೆ ಹೇಳುವಂಥದ್ದಲ್ಲ. ಕಂಬಳಿ ಹೊದಿಸಬಹುದು, ಎಣ್ಣೆ ಬೇಡ ಎಂದು ರಾಜಿಯಾಯಿತು. ಜೊತೆಗೆ ಜ್ಯೋತಿಲಕ್ಷ್ಮಿ ಒಂದು ಮಾತು ಕೊಟ್ಟಳು: "ಕಾವಲಪ್ಪ ಎಲ್ಲೂ ಹೋಗಂಗಿಲ್ಲ ಆಯಿ. ನಾ ಅದೇನಿ." ಮಾತು ಕೊಡುವಾಗ ಹಗುರವಾಗಿಯೇ ಇತ್ತು.

ಭಾರವಾದದ್ದು ಬಯಲಿನ ಮುಖ್ಯಸ್ಥ ಕರ್ನಲ್ ಶಶಿಕಾಂತ ಹೊಸ ರಸ್ತೆಯ ನಕ್ಷೆ ಬಿಚ್ಚಿದ ದಿನ. ಕರ್ನಲ್ ಕೆಟ್ಟ ಮನುಷ್ಯರಲ್ಲ, ಆದರೆ ನೇರ ಗೆರೆಯ ಮನುಷ್ಯ. ದೊಡ್ಡ ಗಾಡಿಗಳು ಓಡಾಡುವ ಅವರ ರಸ್ತೆ ಗೇಟಿನಿಂದ ಹೊರಟು ನೆಟ್ಟಗೆ ಕಾವಲಪ್ಪನ ಎದೆಯ ಮೇಲೆ ಹಾದುಹೋಗಿತ್ತು. ಜ್ಯೋತಿಲಕ್ಷ್ಮಿ ಬಿರುಕಿನ ಫೋಟೋ ತೋರಿಸಿದಳು, ವರದಿ ಕೊಟ್ಟಳು, ರಸ್ತೆ ಸ್ವಲ್ಪ ಬಾಗಲಿ ಎಂದು ಬೇಡಿಕೊಂಡಳು.

"ಆ ಕಲ್ಲು ನಮ್ಮ ಆಸ್ತಿಯೇ ಅಲ್ಲವಲ್ಲ," ಎಂದರು ಕರ್ನಲ್. "ನಮ್ಮದಲ್ಲದ್ದನ್ನು ಸರಿಸಲು ಯಾರ ಅಪ್ಪಣೆ ಬೇಕು? ಕ್ರೇನ್ ತರಿಸಿ ಎತ್ತಿಸುತ್ತೇನೆ. ಮೆಸ್ಸಿನ ತೋಟದಲ್ಲಿ ಗುಲಾಬಿಗಳ ನಡುವೆ ನಿಲ್ಲಿಸೋಣ, ಚೆಂದ ಕಾಣುತ್ತದೆ."

ಕಚೇರಿಯಿಂದ ಹೊರಗೆ ಬರುವಾಗ ಅವರೇ ಬಾಗಿಲ ಬಳಿಯ ಮುರುಕು ಬೆಂಚಿಗೆ ಎಡವಿದರು. ದಿನಾ ಎಡವುತ್ತಿದ್ದರು. ಆ ಬೆಂಚಿಗೆ ಒಂದು ಕಾಲಿಲ್ಲ, ಆದರೆ ಬೆನ್ನ ಮೇಲೆ ಹದಿನೇಳು ಎಂಬ ನಂಬರಿತ್ತು. ಸೈನ್ಯದಲ್ಲಿ ನಂಬರು ಬಿದ್ದ ವಸ್ತುವನ್ನು ಸುಮ್ಮನೆ ತೆಗೆಯಲಾಗದು. ಮೂವರು ಅಧಿಕಾರಿಗಳ ಮಂಡಳಿ ಕೂಡಬೇಕು, ಅದು ಕೆಲಸಕ್ಕೆ ಬಾರದ್ದೆಂದು ಬರೆಯಬೇಕು, ಮೇಲಿನವರ ಮಂಜೂರಾತಿ ಬರಬೇಕು. ಮಂಡಳಿ ಇನ್ನೂ ಕೂಡಿರಲಿಲ್ಲ. ಬೆಂಚು ಅಲ್ಲೇ ಇತ್ತು.

ಸುದ್ದಿ ಕೇಳಿದ ದೇವವ್ವ ಅಳಲಿಲ್ಲ, ಬೈಯಲಿಲ್ಲ. "ಅಲ್ಲಿ ಹೋಗಿ ಏನ ಕಾಯಬೇಕವಾ ಅಂವ? ಗುಲಾಬಿ ಗಿಡಾನ?" ಎಂದಷ್ಟೇ ಕೇಳಿದಳು. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು. ಆ ವಾರವಿಡೀ ಜ್ಯೋತಿಲಕ್ಷ್ಮಿಗೆ ಊಟ ರುಚಿಸಲಿಲ್ಲ.

ಎಳ್ಳಮಾವಾಸ್ಯೆಯ ದಿನವೇ ಬ್ರಿಗೇಡಿಯರ್ ಸಾಹೇಬರ ತಪಾಸಣೆ ಬಂತು. ಕ್ರೇನ್ ಬರುವುದು ಅದರ ಮರುದಿನ. ಬ್ರಿಗೇಡಿಯರರ ಕಾಲು ಹಿಡಿದಾದರೂ ಕೇಳಿಕೊಳ್ಳಬೇಕು ಎಂದು ಜ್ಯೋತಿಲಕ್ಷ್ಮಿ ಬೆಳಿಗ್ಗೆ ಬೇಗನೆ ಬಯಲಿಗೆ ಬಂದಳು. ಬಂದವಳು ಕಲ್ಲನ್ನು ನೋಡಿ ಸ್ಕೂಟಿಯ ಮೇಲಿಂದ ಇಳಿಯುವುದನ್ನೇ ಮರೆತಳು.

ಕಾವಲಪ್ಪ ಸೊಂಟದವರೆಗೆ ಕೆಂಪಗಿದ್ದ, ಅಲ್ಲಿಂದ ಮೇಲೆ ಬೆಳ್ಳಗಿದ್ದ. ಸುತ್ತಲೂ ಇಟ್ಟಿಗೆಗಳನ್ನು ಓರೆಯಾಗಿ ಹುಗಿದು ಬಳೆಯಂತೆ ಕಟ್ಟಿದ್ದರು, ಅವಕ್ಕೂ ಒಂದು ಕೆಂಪು, ಒಂದು ಬಿಳಿ. ಅವಳ ಬೋರ್ಡಿನ ಕಂಬವನ್ನೂ ಬಿಟ್ಟಿರಲಿಲ್ಲ. ದೊಡ್ಡ ಸಾಹೇಬರು ಬರುವರೆಂದರೆ ಸೈನ್ಯದಲ್ಲಿ ಗೇರು ಎನ್ನುವ ಕೆಮ್ಮಣ್ಣಿನ ಬಣ್ಣ, ಸುಣ್ಣ ಇವುಗಳ ಬಕೆಟ್ಟುಗಳು ಹೊರಬೀಳುತ್ತವೆ. ಮರದ ಬುಡ, ಮೋರಿ, ಮೆಟ್ಟಿಲು ಯಾವುದಕ್ಕೂ ಮಾಫಿಯಿಲ್ಲ. ಅದು ಅವಳಿಗೆ ಗೊತ್ತಿತ್ತು. ವೀರಗಲ್ಲಿಗೂ ಮಾಫಿಯಿಲ್ಲ ಎಂದು ಗೊತ್ತಿರಲಿಲ್ಲ.

ಬಣ್ಣದ ಉಸ್ತುವಾರಿ ಸುಭೇದಾರ್ ರುದ್ರಮುನಿಯದು. ಬ್ಯಾಡಗಿಯವನು. ಮೀಸೆ ತಿರುವಿಕೊಂಡು ಪಕ್ಕದಲ್ಲೇ ನಿಂತಿದ್ದ.

"ಸುಭೇದಾರ ಸಾಹೇಬ್ರ, ಏನ್ ಮಾಡೀರಿದು!"

"ಚಲೋ ಆಗೈತಲ್ರಿ ಮೇಡಮ್ಮಾರ? ಗೇರು ನೋಡ್ರಿ, ಥೇಟ್ ಬ್ಯಾಡಗಿ ಮೆಣಸಿನಕಾಯಿ ಪುಡಿ. ಕೆಂಪು ಕಲಸೋದು ನನಗ ಯಾರೂ ಹೇಳಿಕೊಡೋದು ಬ್ಯಾಡ."

"ಮುಟ್ಟಬಾರದು ಅಂತ ಬೋರ್ಡು ಕಾಣಲಿಲ್ಲೇನ್ರಿ?"

"ಯಾರ್ರಿ ಮುಟ್ಯಾರ?" ರುದ್ರಮುನಿಗೆ ನಿಜವಾಗಿಯೂ ನೋವಾಗಿತ್ತು. "ಉದ್ದನ ಕೋಲಿಗೆ ಬ್ರಷ್ ಕಟ್ಟಿಸಿ, ದೂರ ನಿಂದ್ರಿಸಿ ಬಳಿಸೇನ್ರಿ. ಬೇಕಾದ್ರ ಹುಡುಗ್ರನ್ನ ಕೇಳ್ರಿ."

ಅವಳು ಸ್ಕೂಟಿಯಿಂದ ಇಳಿದು ನೀರಿನ ಬಾಟಲಿ ತೆಗೆದಳು. ಬೆರಳನ್ನು ನೀರಲ್ಲಿ ಅದ್ದಿ ಕಲ್ಲಿನ ಮೂಲೆಗೆ ಒತ್ತಿದಳು. ಸುಣ್ಣ ಬೆರಳಿಗೆ ಬಂತು. ಎಣ್ಣೆಬಣ್ಣವಲ್ಲ, ತೊಳೆದರೆ ಹೋಗುತ್ತದೆ. ಹೋದ ಜೀವ ಬಂದಂತಾಯಿತು. ಆದರೂ ಇದು ಬಿಟ್ಟುಬಿಡುವ ತಪ್ಪಲ್ಲ, ಇವತ್ತೇ ದೂರು ಕೊಡಬೇಕು ಎಂದುಕೊಳ್ಳುವಷ್ಟರಲ್ಲಿ ಐರಣಿಯ ಹೆಂಗಸರು ಬುಟ್ಟಿ ಹೊತ್ತುಕೊಂಡು ಬಂದೇಬಿಟ್ಟರು.

ದೇವವ್ವ ಕಲ್ಲನ್ನು ನೋಡಿದವಳೇ ಎರಡೂ ಕೈ ಗಲ್ಲಕ್ಕೆ ಹಚ್ಚಿದಳು. "ಯವ್ವಾ, ಮದುಮಗ ಆಗ್ಯಾನಲ್ಲ!" ಎಂದಳು. ಆಮೇಲೆ ಜ್ಯೋತಿಲಕ್ಷ್ಮಿಯ ಕಡೆ ತಿರುಗಿದಳು. "ನೋಡ, ಎಷ್ಟು ತಿಂಗಳಾತು, ನೀ ಬರೇ ಬ್ಯಾಡ ಬ್ಯಾಡ ಅಂದಿ. ಸಿಪಾಯಿಗಳಾದ್ರೂ ಅಂವಗ ಅಂಗಿ ತೊಡಿಸ್ಯಾರ."

ರುದ್ರಮುನಿಯ ಮೀಸೆ ಇನ್ನೊಂದು ಸುತ್ತು ತಿರುಗಿತು.

ಹೆಂಗಸರು ಕರಿ ಕಂಬಳಿಯನ್ನು ಕಾವಲಪ್ಪನ ಹೆಗಲಿಗೆ ಹೊದಿಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬುಟ್ಟಿಯಿಂದ ಒಂದೊಂದಾಗಿ ಹೊರಬಂದವು. ಸಿಪಾಯಿಗಳು ಕಣ್ಣು ಬೇರೆ ಕಡೆ ಇಟ್ಟು ಮೂಗನ್ನು ಇತ್ತ ಕೊಟ್ಟು ನಿಂತರು. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಜೀಪು ಬಂತು.

ಬ್ರಿಗೇಡಿಯರ್ ಇಳಿದರು. ಕೆಂಪು ಬಿಳಿ ಬಣ್ಣ, ಕಂಬಳಿ, ಹೋಳಿಗೆ ಎಲ್ಲವನ್ನೂ ನಿಧಾನವಾಗಿ ನೋಡಿ, "ಇದೇನು?" ಎಂದು ಹಿಂದಿಯಲ್ಲಿ ಕೇಳಿದರು.

"ಒಂದು ಹಳೆಯ ಕಲ್ಲು, ಸರ್," ಎಂದರು ಕರ್ನಲ್. "ರಸ್ತೆಗೆ ಅಡ್ಡ ಇದೆ. ನಮ್ಮದಲ್ಲ. ನಾಳೆ ತೆಗೆಸುತ್ತೇನೆ."

"ನಮ್ಮದಲ್ಲದ್ದಕ್ಕೆ ಗೇರು ಬಳಿದವರು ಯಾರು?"

ರುದ್ರಮುನಿ ಅಟೆನ್ಶನ್ನಿನಲ್ಲಿ ನಿಂತಿದ್ದ, ಮೀಸೆ ಮಾತ್ರ ಇಳಿದಿತ್ತು. ಜ್ಯೋತಿಲಕ್ಷ್ಮಿ ಒಂದು ಮಾತು ಆಡಿದರೆ ಸಾಕಿತ್ತು, ಅವನ ನೌಕರಿಗೆ ಕಪ್ಪು ಚುಕ್ಕೆ ಬೀಳುತ್ತಿತ್ತು. ಬಾಯಿ ತೆರೆದೂ ಆಗಿತ್ತು. ಆಗ ಅವಳ ಕಣ್ಣು ಮುಂದಿನ ಇಟ್ಟಿಗೆಯ ಮೇಲೆ ಬಿತ್ತು. ಬಿಳಿಯ ಮೇಲೆ ಕಪ್ಪು ಅಕ್ಷರದಲ್ಲಿ ಅಚ್ಚುಕಟ್ಟಾಗಿ ಒಂದು ನಂಬರು. ಬೆಂಚು ನೆನಪಾಯಿತು. ಬಾಯಿಗೆ ಬಂದಿದ್ದ ದೂರು ಹಾಗೇ ಹಿಂದಕ್ಕೆ ಹೋಯಿತು.

"ಇದು ನಮ್ಮದೇ, ಸರ್," ಎಂದಳು. "ನಂಬರಿದೆ. ನಲವತ್ತೊಂದು."

ಬ್ರಿಗೇಡಿಯರ್ ಬಗ್ಗಿ ನೋಡಿದರು. "ನಲವತ್ತು ಯಾವುದು?"

"ಮೋರಿ, ಸರ್!" ರುದ್ರಮುನಿಗೆ ದನಿ ಮರಳಿತು. "ನಲವತ್ತೆರಡು ನೀರಿನ ಟಾಕಿ, ಸರ್! ರಸ್ತೆ ಬದಿಯ ಎಲ್ಲದಕ್ಕೂ ನಂಬರು ಹಾಕಿ ಎಂದು ಹುಕುಂ ಇತ್ತು, ಸರ್!"

"ನಂಬರು ಬಿದ್ದದ್ದನ್ನು ತೆಗೆಯಬೇಕಾದರೆ ಮಂಡಳಿ ಕೂಡಬೇಕು ಸರ್," ಎಂದಳು ಜ್ಯೋತಿಲಕ್ಷ್ಮಿ, ಮುಖ ಗಂಭೀರವಾಗಿಟ್ಟುಕೊಂಡು. "ಇವನು ಕೆಲಸಕ್ಕೆ ಬಾರದವನೆಂದು ಮೂವರು ಬರೆದುಕೊಡಬೇಕು. ಇವನು ಕಾವಲಿನವನು. ಕುರಿ ಕಾಯುತ್ತ ಇಲ್ಲೇ ಸತ್ತವನು, ಜಾಗ ಬಿಟ್ಟು ಕದಲಿಲ್ಲ. ಹಾಗೆ ಬರೆಯಲು ಮೂವರು ಅಧಿಕಾರಿಗಳು ಸಿಗುತ್ತಾರೋ ಇಲ್ಲವೋ. ಅಲ್ಲಿಯವರೆಗೆ ಬೆಂಚಿನ ಹಾಗೆ ಕಾಯಬೇಕಾಗುತ್ತದೆ."

"ಬೆಂಚು? ಯಾವ ಬೆಂಚು?" ಎಂದು ಬ್ರಿಗೇಡಿಯರ್ ತಿರುಗಿದರು.

ಕರ್ನಲ್ ಶಶಿಕಾಂತ ಗಡಿಬಿಡಿಯಿಂದ ನಕ್ಷೆ ಬಿಚ್ಚಿದರು. ಒಂದು ಕ್ಷಣ ನೋಡಿದಂತೆ ಮಾಡಿ, "ಸರ್, ರಸ್ತೆಯನ್ನು ಇಲ್ಲಿ ಒಂದೆರಡು ಜೀಪಿನ ಅಗಲದಷ್ಟು ಬಾಗಿಸಬಹುದು. ಕಷ್ಟವೇನಿಲ್ಲ," ಎಂದರು. ಆಮೇಲೆ ಅವಳಿಗೆ ಮಾತ್ರ ಕೇಳುವಂತೆ, "ಇನ್ನೊಂದು ಬೆಂಚು ನನಗೆ ಬೇಡ ತಾಯಿ," ಎಂದು ನಕ್ಕರು.

ದೇವವ್ವನಿಗೆ ಇದೊಂದೂ ತಿಳಿದಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ ಹಸಿದುಕೊಂಡು ನಿಂತಿದ್ದಾನೆ ಎಂಬುದೊಂದೇ ಅವಳ ಚಿಂತೆ. "ಕುಂದ್ರಿ ಸಾಹೇಬ್ರ, ಹೋಳಗಿ ಆರತಾವು," ಎಂದಳು. ಭಾಷೆ ಬಾರದಿದ್ದರೂ ಬ್ರಿಗೇಡಿಯರ್ ಕುಳಿತರು. ದೊಡ್ಡವರೇ ಕುಳಿತ ಮೇಲೆ ಸಿಪಾಯಿಗಳಿಗೆ ಇನ್ನಾರ ಅಂಜಿಕೆ?

ಜೀಪು ಹೋದ ಮೇಲೆ ಜ್ಯೋತಿಲಕ್ಷ್ಮಿ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಇಟ್ಟಿಗೆಯ ಬಳೆ ಇರಲಿ, ನಂಬರು ಖಂಡಿತ ಇರಲಿ, ಆದರೆ ಕಲ್ಲಿನ ಮೈಮೇಲಿನ ಬಣ್ಣ ಹೋಗಲೇಬೇಕು ಎಂದಳು. ರುದ್ರಮುನಿ ತನ್ನ ಕೆಂಪಿಗಾಗಿ ನಿಟ್ಟುಸಿರಿಟ್ಟು ತಾನೇ ನೀರು ತಂದುಕೊಟ್ಟ. ಬೋರ್ಡು ಬರೆಸಿದವಳೂ ಬೋರ್ಡಿಗೆ ಬೈದವಳೂ ಪಕ್ಕಪಕ್ಕ ಕುಳಿತು ಮೆತ್ತನೆಯ ಬಟ್ಟೆಯಿಂದ ಕಾವಲಪ್ಪನ ಮೈ ತೊಳೆದರು. ಕುರಿಗಳು ಒಂದೊಂದಾಗಿ ಹೊರಬಂದವು, ನಾಯಿಯೂ ಬಂತು.

"ಇದೇನವಾ ಬರದಾರ?" ದೇವವ್ವ ಇಟ್ಟಿಗೆಯ ಮೇಲೆ ಕೈಯಾಡಿಸಿದಳು.

"ನಂಬರ, ಆಯಿ. ಕಾವಲಪ್ಪಗ ಮಿಲ್ಟ್ರಿಯವರು ನಂಬರ ಕೊಟ್ಟಾರ. ಇನ್ನ ಅಂವನ್ನ ಯಾರೂ ಕದಲಸಂಗಿಲ್ಲ."

ದೇವವ್ವನ ಕೈ ಅಲ್ಲೇ ನಿಂತಿತು. ಕಣ್ಣು ತುಂಬಿ ಬಂದವು, ಅವಳು ಒರೆಸಿಕೊಳ್ಳಲಿಲ್ಲ. "ನಂಬರ ಕೊಟ್ಟ ಮ್ಯಾಲ ಮಿಲ್ಟ್ರಿ ಮರಿಯಂಗಿಲ್ಲವಾ," ಎಂದಳು. "ನಮ್ಮ ಮನಿಯವ್ರು ಹೋಗಿ ಎಷ್ಟು ವರ್ಷ ಆತು, ಇವತ್ತಿಗೂ ಆ ನಂಬರ ಹೇಳಿದ್ರ ಎದ್ದು ಕುರ್ಚಿ ಕೊಡತಾರ." ಆಮೇಲೆ, "ಇಂವನ ನಂಬರ ಹೆಂಗ ಅಂತಾರವಾ? ಹಿಂದ್ಯಾಗ ಹೇಳಿಕೊಡ," ಎಂದಳು.

ಜ್ಯೋತಿಲಕ್ಷ್ಮಿ ಡಾಕಪ್ಪನ ನಂಬರಿನ ಹಾಗೆಯೇ ಒಂದೊಂದು ಅಂಕಿ ಬಿಡಿಸಿ ಹೇಳಿಕೊಟ್ಟಳು. ಮುದುಕಿ ಮಗ್ಗಿ ಕಲಿಯುವ ಮಗುವಿನಂತೆ ತುಟಿ ಆಡಿಸುತ್ತ ಊರಿನ ದಾರಿ ಹಿಡಿದಳು.

ಮರುವರ್ಷದ ಎಳ್ಳಮಾವಾಸ್ಯೆಗೆ ಗೇಟಿನಲ್ಲಿ ಹೊಸ ಹುಡುಗನಿದ್ದ. ಕಂಬಳಿ ಹೊತ್ತ ಮುದುಕಿಯನ್ನು ತಡೆದು, ಯಾರನ್ನು ಕಾಣಬೇಕು ಎಂದು ಹಿಂದಿಯಲ್ಲಿ ಕೇಳಿದ. ದೇವವ್ವ ನೆಟ್ಟಗೆ ನಿಂತಳು.

"ಚಾರ್ ಏಕ್," ಎಂದಳು.

ಹುಡುಗ ಬಾಗಿದ ರಸ್ತೆಯ ಕಡೆಗೊಮ್ಮೆ ನೋಡಿ, ಕಾಲು ಜೋಡಿಸಿ, ಗೇಟು ತೆರೆದ.