ಒಂದು ಸಾಲಿನ ಉಕ್ತಲೇಖನ

"ಪುಸ್ತಕ ಮುಚ್ಚಿ. ಉಕ್ತಲೇಖನ," ಎಂದರು ಹೆಡ್ ಮಾಸ್ತರು ಪಾರ್ಥಸಾರಥಿ.

ಅದು ಭೂಗೋಳದ ಪಿರಿಯಡ್ಡು. ಹದಿನೆಂಟು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಬೋರಯ್ಯ ಮಾತ್ರ ಮಾಸ್ತರ ಎಡಗೈಯನ್ನು ನೋಡುತ್ತಿದ್ದ. ನಿನ್ನೆ ಸಂಜೆ ಅವರ ಮೇಜಿನ ಮೇಲೆ ತಾನೇ ಇಟ್ಟು ಓಡಿಬಂದಿದ್ದ ಕಾಗದ ಅಲ್ಲಿತ್ತು.

"ಇದರಲ್ಲಿ ಹನ್ನೊಂದು ಸಹಿ ಇವೆ," ಎಂದರು ಮಾಸ್ತರು. "ಚಕ್ರದ ಹಾಗೆ ಸುತ್ತಲೂ ಹಾಕಿದ್ದೀರಿ, ಮುಖಂಡ ಯಾರೂಂತ ಗೊತ್ತಾಗಬಾರದು ಅಂತ. ಬರೆದಿರೋದು ಎಡಗೈಯಲ್ಲಿ. ಭೇಷ್. ಹನ್ನೊಂದು ಜನರನ್ನೂ ಸ್ಕೂಲಿಂದ ಓಡಿಸೋಕ್ಕಾಗೋಲ್ಲ. ಬರೆದವನೊಬ್ಬ ಸಾಕು. ಮೊದಲನೇ ಸಾಲಿನಲ್ಲೇ ಒಂದು ತಪ್ಪು ಮಾಡಿದ್ದಾನೆ. ಆ ತಪ್ಪೇ ಅವನನ್ನ ಹಿಡಿದುಕೊಡುತ್ತೆ."

ಸ್ಕೂಲಿನಲ್ಲಿ ಹತ್ತೂವರೆಗೆ ಎರಡನೆಯ ಗಂಟೆ ಹೊಡೆದ ಕೂಡಲೇ ಗೇಟು ಹಾಕುತ್ತಿದ್ದರು. ಹೊರಗುಳಿದವನಿಗೆ ಅರ್ಧ ದಿನದ ಗೈರುಹಾಜರಿ. ಎರಡನೆಯ ಮಹಾಯುದ್ಧ ಶುರುವಾಗಿ ಐದನೆಯ ವರ್ಷ. ಹಲಗೂರು ಕಡೆಯಿಂದ ಮಳವಳ್ಳಿಗೆ ಬರುವ, ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡುವ ಬಸ್ಸು ಏರು ಸಿಕ್ಕಿದಲ್ಲೆಲ್ಲ ನಿಂತುಬಿಡುತ್ತಿತ್ತು. ಚಿಕ್ಕಬೋರಯ್ಯ ಅದನ್ನು ನೆಚ್ಚದೆ, ದನಗಳಿಗೆ ಹುಲ್ಲು ಹಾಕಿ, ಐದು ಮೈಲಿ ನಡೆದು ಬರುತ್ತಿದ್ದ. ಜನವರಿಯ ಹೊತ್ತಿಗೆ ಅವನಿಗೆ ಮೂವತ್ತೊಂದು ಗೈರು ಬಿದ್ದಿದ್ದವು. ಇನ್ನು ನಾಲ್ಕು ಬಿದ್ದರೆ ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಾಗಿತ್ತು. ಕಾಗದದಲ್ಲಿ ಕೇಳಿದ್ದು ಇಷ್ಟೇ: ನಾಲ್ಕು ಮೈಲಿಗಿಂತ ದೂರದವರಿಗೆ ಗೇಟನ್ನು ಇನ್ನರ್ಧ ಗಂಟೆ ತೆರೆದಿಡಬೇಕು.

ಯಾವ ತಪ್ಪು? ಚಿಕ್ಕಬೋರಯ್ಯ ಮೊದಲನೆಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡ. ತಪ್ಪು ಕಾಣಲಿಲ್ಲ. ಮತ್ತೆ ಮೊದಲಿನಿಂದ ಓದಿಕೊಂಡ, ಆಗಲೂ ಕಾಣಲಿಲ್ಲ.

"ಬರೀರಿ. ಹೊಲದ ಒಡೆಯನು ಅಮಲ್ದಾರರಿಗೆ ಅರ್ಜಿ ಕೊಟ್ಟನು."

ಮಾಸ್ತರು 'ಅರ್ಜಿ' ಎನ್ನುವಾಗ ಅವನು ಅವರ ತುಟಿಯನ್ನೇ ನೋಡಿದ. ಬಾಯಿ ತೆರೆಯಿತು, ಗಂಟಲಿನಿಂದ ಉಸಿರು ಬರಲಿಲ್ಲ. 'ಹ' ಅಲ್ಲ, 'ಅ'. ಕಾಗದದಲ್ಲಿ ತಾನು ಬರೆದಿದ್ದದ್ದು 'ಹರ್ಜಿ'.

ಅವನ ಊರಿನ ಮಾತಿನಲ್ಲಿ 'ಹ' ಇರಲಿಲ್ಲ. ಹಳ್ಳಿಯನ್ನು ಅಳ್ಳಿ, ಹಾಲನ್ನು ಆಲು ಎಂದು ಬರೆದಾಗಲೆಲ್ಲ ಕನ್ನಡ ಪಂಡಿತರು ಕಿವಿ ಹಿಂಡಿದ್ದರು. ಅದಕ್ಕೆ ಅವನೊಂದು ಉಪಾಯ ಮಾಡಿಕೊಂಡಿದ್ದ. ಪಕ್ಕದ ಬೆಟ್ಟಯ್ಯನಿಗೂ ಅದನ್ನೇ ಕಲಿಸಿದ್ದ: "ಅನ್ಮಾನ ಬಂದ್ ಕಡೆ ಹ ಮಡಗ್ಬುಡ್ಲಾ. ಕಿವಿ ಉಳ್ಕತದೆ."

ಈಗ ಅವನು ನಿಧಾನವಾಗಿ, ದುಂಡಗೆ 'ಅರ್ಜಿ' ಎಂದು ಬರೆದ. ಪಕ್ಕಕ್ಕೆ ನೋಡಲಿಲ್ಲ.

ಮಾಸ್ತರು ಹದಿನೆಂಟು ಹಾಳೆಗಳನ್ನೂ ತರಿಸಿಕೊಂಡು ಒಂದೊಂದಾಗಿ ತಿರುವಿದರು. ಹದಿನಾಲ್ಕನೆಯದಕ್ಕೆ ಕೈ ನಿಂತಿತು.

"ಬೆಟ್ಟಯ್ಯ, ಏಳು."

ಬೆಟ್ಟಯ್ಯ ಎದ್ದ. ಅವನು ಮಳವಳ್ಳಿಯಲ್ಲೇ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದವನು. ಒಂದು ದಿನವೂ ತಡವಾಗಿ ಬಂದವನಲ್ಲ. ಕಾಗದಕ್ಕೆ ಸಹಿಯನ್ನೂ ಹಾಕಿರಲಿಲ್ಲ.

"ಬರೆದುಕೊಟ್ಟು, ಸಹಿ ಮಾತ್ರ ಹಾಕದೆ ತಪ್ಪಿಸಿಕೊಂಡೆಯಾ? ಹನ್ನೊಂದು ಜನಕ್ಕಿಂತ ನೀನೇ ಜಾಣ ಕಣಯ್ಯಾ."

"ನಾನೇನ್ ಮಾಡ್ದೆ ಸಾ?"

"ಪುಸ್ತಕ ತಗೋ. ಮನೆಗೆ ನಡಿ. ನಾಳೆ ನಿಮ್ಮಪ್ಪನ ಜೊತೆ ಬಂದು ಸರ್ಟಿಫಿಕೇಟ್ ತಗೊಂಡು ಹೋಗು."

"ನಮ್ಮಪ್ಪ ಸಾಯಿಸ್ಬುಡ್ತನೆ ಸಾ. ಏನ್ ತೆಪ್ಪು ಅಂತನಾದ್ರೂ ಯೋಳಿ ಸಾ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬೆಟ್ಟಯ್ಯ ಪುಸ್ತಕ ಜೋಡಿಸತೊಡಗಿದ. ಒಂದು ಜಾರಿ ಚಿಕ್ಕಬೋರಯ್ಯನ ಕಾಲ ಮೇಲೆ ಬಿತ್ತು. ಬಗ್ಗಿ ಎತ್ತಿಕೊಳ್ಳುತ್ತ ಬೆಟ್ಟಯ್ಯ ಪಿಸುಗುಟ್ಟಿದ: "ನೀ ಯೋಳ್ದಂಗೇ ಬರ್ದೆ ಕಣ್ಲಾ."

ದೂರು ಹೇಳುವ ದನಿಯಲ್ಲ. ಎಲ್ಲಿ ಎಡವಿದೆ ಎಂದು ಕೇಳುವ ದನಿ.

ಚಿಕ್ಕಬೋರಯ್ಯ ಎದ್ದ. ಏಳಬೇಕೆಂದುಕೊಳ್ಳುವ ಮೊದಲೇ ಎದ್ದುಬಿಟ್ಟಿದ್ದ. ಬೆಂಚನ್ನು ಹಿಡಿದುಕೊಂಡ.

"ಅದು ನಾ ಬರ್ದಿದ್ದು ಸಾ."

ಮಾಸ್ತರು ಅವನ ಹಾಳೆಯನ್ನು ಹುಡುಕಿ ನೋಡಿದರು. "ನಿನ್ನದು ಸರಿಯಾಗೇ ಇದೆಯಲ್ಲ. ಸ್ನೇಹಿತನನ್ನ ಉಳಿಸೋಕ್ಕೆ ಸುಳ್ಳು ಹೇಳ್ತೀಯಾ?"

"ನಿಮ್ಮ ಬಾಯ್ ನೋಡಿ ಬರ್ದೆ ಸಾ. ಇವತ್ತೇ ಗೊತ್ತಾಗಿದ್ದು."

"ಹಾಗಾದರೆ ಕಾಗದದಲ್ಲಿ ಏನಿದೆ, ಹೇಳು."

ಅವನು ಹೇಳಿದ. ಮೊದಲು ಆ ತಪ್ಪಿನ ಸಾಲು. ಆಮೇಲೆ ಯಾವ ಹಳ್ಳಿಗೆ ಎಷ್ಟು ಮೈಲಿ, ಯಾರಿಗೆ ಎಷ್ಟು ಗೈರು, ಬರೆದಿದ್ದ ಕ್ರಮದಲ್ಲೇ ಒಂದೊಂದಾಗಿ ಬಂತು. ನಡುವೆ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಬೆಂಚಿನಿಂದ ಕೈ ತೆಗೆದರೆ ಬಿದ್ದೇನೆಂದು ಹಾಗೆಯೇ ಹೇಳಿ ಮುಗಿಸಿದ.

ಮಾಸ್ತರು ಬೆಟ್ಟಯ್ಯನಿಗೆ ಕೂರಲು ಸನ್ನೆ ಮಾಡಿದರು. ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಮಸಿಕುಡಿಕೆಯನ್ನು ಅದರ ಪಕ್ಕಕ್ಕೆ ಸರಿಸಿದರು.

"ಗೇಟಿನ ಹೊತ್ತು ಬದಲಾಯಿಸೋದು ನನ್ನ ಕೈಲಿಲ್ಲ. ಇದು ಮಂಡ್ಯಕ್ಕೆ, ಸ್ಕೂಲು ಇನ್‌ಸ್ಪೆಕ್ಟರ ಹತ್ತಿರ ಹೋಗಬೇಕು. ಬರೆದವನು ಯಾರು ಅಂತ ಕಾಣಿಸದೆ ನಾನು ಕಳಿಸೋಲ್ಲ. ಕಾಣಿಸಿದಮೇಲೆ ಅವರು ಗೇಟು ತೆಗೆಸಿದರೂ ತೆಗೆಸಬಹುದು, ನಿನ್ನನ್ನ ತೆಗೆದರೂ ತೆಗೆಯಬಹುದು. ಬಲಗೈಯಲ್ಲಿ ಬರಿ."

ಅವನು ಬಲಗೈಯಲ್ಲಿ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಬರೆದ. ಒತ್ತಿ ಬರೆದಿದ್ದರಿಂದ ಮಸಿ ಹೆಚ್ಚಾಗಿ ಅಕ್ಷರಗಳ ಮೇಲೆ ನಿಂತಿತು. ಬ್ಲಾಟಿಂಗ್ ಕಾಗದ ಆ ವರ್ಷ ಎಲ್ಲಿಯೂ ಸಿಗುತ್ತಿರಲಿಲ್ಲ. ಮಾಸ್ತರು ಕಾಗದವನ್ನು ಮಡಿಸದೆ ಕಾದರು. ಮೇಜಿನ ಈಚೆ ಚಿಕ್ಕಬೋರಯ್ಯನೂ ನಿಂತ, ತನ್ನ ಹೆಸರು ಹೊಳಪು ಕಳೆದುಕೊಳ್ಳುತ್ತ ಒಣಗುವುದನ್ನು ನೋಡುತ್ತ.